ದೂಮ ಮಾಮನ ಎಲೆ

ಠಾಣೆಯ ವರ್ತಕ ನಗರದ ಆ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ವರ್ಷಕ್ಕೊಂದು ಸಂಜೆ ಲಿಫ್ಟಿನ ಎದುರಿಗೆ ಒಂದು ಬಾಳೆಲೆ ಹಾಸಿರುತ್ತದೆ. ಎಲೆಯ ಮೇಲೆ ಕುಚ್ಚಲಕ್ಕಿ ಅನ್ನ, ಬಂಗುಡೆ ಗಸಿ, ಕೋಳಿ ಸುಕ್ಕ; ಪಕ್ಕದಲ್ಲಿ ಒಂದು ಲೋಟ ನೀರು, ಒಂದು ಬೀಡಿ. ಲಿಫ್ಟಿನಿಂದ ಹೊರಬಂದವರು ಗೋಡೆಗೆ ಬೆನ್ನು ಒತ್ತಿಕೊಂಡು ದಾಟಬೇಕು. ಸೊಸೈಟಿಯ ಮೀಟಿಂಗಿನಲ್ಲಿ ಈ ವಿಷಯ ಮೂರು ಸಲ ಬಂದಿದೆ. ಮೂರು ಸಲವೂ ಉಮಕ್ಕ ಎದ್ದು ನಿಂತು, ಇದು ವರ್ಷಕ್ಕೆ ಅರ್ಧ ಗಂಟೆಯ ಮಾತು, ನಿಮ್ಮ ಚಪ್ಪಲಿಯ ಕಪಾಟುಗಳು ವರ್ಷವಿಡೀ ಅಲ್ಲೇ ಇರುತ್ತವೆ ಎಂದು ಒಳ್ಳೆಯ ಮರಾಠಿಯಲ್ಲಿ ಹೇಳಿ ಕೂತಿದ್ದಾರೆ. ನಾಲ್ಕನೇ ಸಲ ಯಾರೂ ಆ ಮಾತೆತ್ತಲಿಲ್ಲ.

ಉಮಾವತಿ ಎಂಬ ಈ ಉಮಕ್ಕನಿಗೆ ಈಗ ಎಪ್ಪತ್ತಮೂರು. ಮೂಲ ಮಲ್ಪೆ ಕಡಲ ಬದಿಯ ಮೊಗವೀರರ ಮನೆ, ಹುಟ್ಟಿದ್ದು ಮುಂಬಯಿಯಲ್ಲಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತನಾಲ್ಕು ವರ್ಷ ಟ್ರಂಕ್ ಕಾಲ್ ಜೋಡಿಸಿದವರು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಎರಡು ಊರುಗಳ ನಡುವೆ ಕೂತು, ಹೆಸರು ಕೇಳಿ, ಹೆಸರು ತಿರುಗಿ ಹೇಳಿ, ಸರಿಯಾ ಅಂತ ಖಚಿತ ಮಾಡಿಕೊಂಡು, ಆ ಕಡೆಯವರು ಎತ್ತುವವರೆಗೆ ಬಿಡದ ಕೆಲಸ. ನಿವೃತ್ತಿಯಾಗಿ ಹದಿನೈದು ವರ್ಷ ಕಳೆದರೂ ಸ್ವರ ತಗ್ಗಿಲ್ಲ. ಅವರು ನಾಲ್ಕನೇ ಮಹಡಿಯಿಂದ ಕರೆದರೆ ತರಕಾರಿಯವನು ಗೇಟಿನಲ್ಲೇ ನಿಲ್ಲುತ್ತಾನೆ. ಫೋನನ್ನು ತಾವಾಗಿ ಮೊದಲು ಇಟ್ಟ ದಾಖಲೆ ಇಲ್ಲ.

ಆ ಎಲೆ ದೂಮ ಮಾಮನದು. ಮಳೆಗಾಲದ ಆಟಿ ತಿಂಗಳಲ್ಲಿ ತುಳುವರು ತಮ್ಮ ಸತ್ತವರನ್ನು ಮನೆಯೊಳಗೆ ಕರೆದು ಉಣಬಡಿಸುತ್ತಾರೆ. ಬಡಿಸಿ, ಬಾಗಿಲು ಹಾಕಿ, ಬದುಕಿರುವವರು ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ. ಹಿರಿಯರು ನಾಚಿಕೆಯಿಲ್ಲದೆ ಉಣ್ಣಲಿ ಎಂದು. ಉಮಕ್ಕನ ಅಮ್ಮ, ಅಜ್ಜಿ, ಎಲ್ಲರ ಎಲೆಯೂ ಮನೆಯ ಹಾಲ್‌ನೊಳಗೆ ಸಾಲಾಗಿ ಬೀಳುತ್ತದೆ. ದೂಮ ಮಾಮನದು ಮಾತ್ರ ಹೊರಗೆ, ಮೊದಲೇ, ಬೇರೆ. ಎಂಬತ್ತು ವರ್ಷಗಳಿಂದ ಹಾಗೆಯೇ. ಅದಕ್ಕೆ ಕಾರಣ ಮನೆಯ ದೊಡ್ಡವರು ಹೇಳಿದ ಒಂದು ಸುಳ್ಳು.

ದೂಮಣ್ಣ ಮೆಂಡನ್, ಉಮಕ್ಕನ ಅಜ್ಜಿ ರುಕ್ಕುವಿನ ಒಡಹುಟ್ಟಿದ ಅಣ್ಣ. ಲೆಕ್ಕ ಹಾಕಿದರೆ ಉಮಕ್ಕನಿಗೆ ಅಜ್ಜನಾಗಬೇಕು. ಆದರೆ ಅವರ ತಾಯಿ ಮಾಮ ಅಂದದ್ದಕ್ಕೆ ಮನೆಯಲ್ಲಿ ಎಲ್ಲರಿಗೂ ಮಾಮನೇ. ಅವನು ಮಂಜಿಯ ತಂಡೇಲ. ಮಂಜಿ ಎಂದರೆ ಹಾಯಿಯ ದೊಡ್ಡ ಮರದ ಹಡಗು, ತಂಡೇಲ ಅದರ ಮುಖ್ಯಸ್ಥ. ಕಂಪೆನಿ ಹಡಗಿನ ಕ್ಯಾಪ್ಟನ್ ಮಾಡುವುದನ್ನೆಲ್ಲ ಅವನೂ ಮಾಡುತ್ತಾನೆ, ತಲೆಯ ಮೇಲೆ ಟೊಪ್ಪಿ ಇಲ್ಲ ಅಷ್ಟೇ. ಮಲ್ಪೆಯಿಂದ ಹೆಂಚು ತುಂಬಿಸಿ ಬಸ್ರಾಕ್ಕೆ, ಅಲ್ಲಿಂದ ಖರ್ಜೂರ ತುಂಬಿಸಿ ಮಲ್ಪೆಗೆ. ತಳದಲ್ಲಿ ಹೆಂಚು ತುಂಬಿದ ಮಂಜಿ ಕಡಲಲ್ಲಿ ಗಟ್ಟಿಯಾಗಿ ಕೂತು ಹೋಗುತ್ತದೆ. ಈ ಭಾರವೇ ಮುಂದೆ ಕೆಲಸಕ್ಕೆ ಬಂತು.

ಎರಡನೇ ಮಹಾಯುದ್ಧದ ಕಾಲ, ಸಾವಿರದ ಒಂಬೈನೂರ ನಲವತ್ತಮೂರರ ಫೆಬ್ರವರಿ. ದಡ ಕಾಣದ ದೂರದಲ್ಲಿ ನೀರಿನಿಂದ ಒಂದು ಸಬ್‌ಮರೀನ್ ಮೇಲೆದ್ದಿತು. ಯಾವ ದೇಶದ್ದೋ, ಈ ಕಥೆಯನ್ನು ಊರಿಗೆ ತಂದ ಮಂಜಿಯ ಆಳು ಮಾಪಣ್ಣನ ಪಾಲಿಗೆ ಯುದ್ಧ ಮಾಡುವವರೆಲ್ಲ ಒಂದೇ ದೇಶದವರು. ಬಾವುಟ ಆಡಿಸಿದರು. ಮಂಜಿ ಬಿಟ್ಟು ಸಣ್ಣ ದೋಣಿಗೆ ಇಳಿಯಿರಿ, ನಾವು ಇದನ್ನು ಮುಳುಗಿಸುತ್ತೇವೆ ಎಂದು ಅರ್ಥ. ಗುಂಡು ಉಳಿಸುವ ಆಸೆಗೋ ಏನೋ ಹತ್ತಿರಕ್ಕೆ, ಬಹಳ ಹತ್ತಿರಕ್ಕೆ ಬಂದು ನಿಂತರು. ಮರದ ಮಂಜಿಗೆ ಯಾರು ಹೆದರುತ್ತಾರೆ? ಉಳಿದ ಎಂಟು ಜನರೂ ದೂಮಣ್ಣನ ಮುಖ ನೋಡಿದರು. ಅವನು ಮೊದಲು ಹಾಯಿ ನೋಡಿದ. ಗಾಳಿ ಬೆನ್ನಿಗಿತ್ತು. "ಬೇರೆಯವರ ಹೆಂಚು ಇದು, ಇವನಿಗೆ ಯಾಕೆ ಕೊಡ್ಬೇಕು?" ಎಂದನಂತೆ. ಚುಕ್ಕಾಣಿಯನ್ನು ಎದೆಗೆ ಒತ್ತಿ ಹಿಡಿದು ಮಂಜಿಯನ್ನು ನೇರ ಆ ಕಬ್ಬಿಣದ ಪಕ್ಕೆಗೆ ತಿರುಗಿಸಿದ.

ಎರಡು ಗುಂಡು ಬಿದ್ದವು, ಹಾಯಿ ಕಟ್ಟುವ ಕೂವೆಮರ ಮುರಿಯಿತು, ಮೂವರು ಅಲ್ಲೇ ಹೋದರು. ಆದರೂ ಮಂಜಿ ಹೋಗಿ ಹೊಡೆಯಿತು. ಸಬ್‌ಮರೀನ್ ಮುಳುಗಲಿಲ್ಲ. ಅದರ ಮುಂಬದಿಯ ಒಂದು ರೆಕ್ಕೆ ಸೊಟ್ಟಗಾಯಿತು, ಫಿರಂಗಿಯ ಪಕ್ಕ ನಿಂತಿದ್ದ ಇಬ್ಬರು ನೀರಿಗೆ ಬಿದ್ದರು, ಅಷ್ಟೇ. ಒಡೆದ ಮಂಜಿಯಿಂದ ತೇಲುತ್ತಿದ್ದ ಆರು ಜನರನ್ನು ಮೇಲೆಳೆದುಕೊಂಡು, ಹಿಂದೂಸ್ತಾನಿ ಮುರಿದು ಮುರಿದು ಆಡುವ ಒಬ್ಬ ಅಧಿಕಾರಿ, ಚುಕ್ಕಾಣಿಯಲ್ಲಿ ಯಾರಿದ್ದದ್ದು ಎಂದು ಕೇಳಿದ. ದೂಮಣ್ಣ ಒಂದು ಹೆಜ್ಜೆ ಮುಂದೆ ಬಂದು "ಯಾನೇ" ಎಂದ. ನಾನೇ ಎಂದು. ನೀನು ಸಿಪಾಯಿಯಾ? ಅಲ್ಲ. ಯಾರ ಹುಕುಂ? ಯಾರದೂ ಇಲ್ಲ. ಆಗ ಒಂದು ಕಾಗದ ಬರೆದು ಓದಿದರು. ಸಿಪಾಯಿಯಲ್ಲದವನು ಯುದ್ಧದ ಹಡಗಿಗೆ ಹೊಡೆದರೆ ಅದು ಅಪರಾಧ, ಅದಕ್ಕೆ ಮರಣ. ಡೆಕ್ಕಿನ ಮೇಲೆ ನಿಲ್ಲಿಸಿ ಗುಂಡು ಹಾಕಿದರು. ಉಳಿದ ಐವರನ್ನು ಸಣ್ಣ ದೋಣಿಗಿಳಿಸಿ ಬಿಟ್ಟು ಹೋದರು. ಹನ್ನೊಂದು ದಿನ ತೇಲಿ, ಅರಬರ ಹಡಗೊಂದರ ಕಣ್ಣಿಗೆ ಬಿದ್ದು ಬದುಕಿದವರು ಇಬ್ಬರು. ಅವರಲ್ಲೊಬ್ಬ ಮಾಪಣ್ಣ.

ಮಾಪಣ್ಣ ಊರು ಮುಟ್ಟುವ ಹೊತ್ತಿಗೆ ಎಂಟು ತಿಂಗಳಾಗಿತ್ತು. ಅಷ್ಟರೊಳಗೆ ಮಲ್ಪೆಯ ಮನೆಯವರು ದೂಮಣ್ಣನ ಬೊಜ್ಜ, ಎಂದರೆ ಉತ್ತರಕ್ರಿಯೆ, ಮುಗಿಸಿ ಕೈತೊಳೆದಿದ್ದರು. ಮಂಜಿಯನ್ನು ಶತ್ರುಗಳು ಮುಳುಗಿಸಿದರು ಎಂಬ ಸುದ್ದಿ ಬೇರೆ ಮಂಜಿಯವರಿಂದ ಬಂದಿತ್ತು. ಆದರೆ ಕೊಲೆಯಾಗಿ ಸತ್ತವರನ್ನು ಅಷ್ಟು ಬೇಗ ಹಿರಿಯರ ಸಾಲಿಗೆ ಸೇರಿಸಿ ಒಳಗೆ ಕರೆಯುವ ಹಾಗಿಲ್ಲ, ವರ್ಷಗಟ್ಟಲೆ ಕಾಯಬೇಕು ಎನ್ನುವುದು ಆ ಮನೆಯ ಕ್ರಮ. ಅಲ್ಲಿಯವರೆಗೆ ಮನೆಯಲ್ಲಿ ಶುಭಕಾರ್ಯ ಇಲ್ಲ; ಕಾದರೆ ನಿಶ್ಚಯವಾಗಿದ್ದ ಮದುವೆಯೊಂದು ತಪ್ಪುತ್ತದೆ. ದೊಡ್ಡವರು ಕೂತು ಮಾತಾಡಿ ದಾರಿ ಹುಡುಕಿದರು. ಬಸ್ರಾದಲ್ಲಿ ಜ್ವರ ಬಂದು ತೀರಿಕೊಂಡ ಎಂದು ಹೊಸ್ತಿಲಲ್ಲಿ ನಿಂತು ಹೇಳಿ, ಹೆಸರು ಕೂಗಿ, ಒಳಗೆ ಕರೆದರು. ಮದುವೆಯೂ ಆಯಿತು, ಊಟವೂ ಚೆನ್ನಾಗಿತ್ತಂತೆ.

ಮಾಪಣ್ಣನ ಮಾತು ಮುಗಿದ ಮೇಲೆ ರುಕ್ಕು ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ. "ಹಾಗಾದ್ರೆ ನಾವು ಒಳಗೆ ಕರೆದದ್ದು ಯಾರನ್ನು? ಜ್ವರ ಬಂದು ಸತ್ತ ದೂಮ ಅಂತ ಒಬ್ಬ ಇರ್ಲೇ ಇಲ್ಲವಲ್ಲ!" ದೊಡ್ಡವರು ನೆಲ ನೋಡಿದರು. ಆದದ್ದು ಆಯಿತು, ಎರಡು ಸಲ ಕರೆಯುವ ಕ್ರಮ ಇಲ್ಲ ಎಂದರು. ಅಜ್ಜಿ ಅವರ ಕ್ರಮಕ್ಕೆ ಕ್ರಮವಾಗಿಯೇ ಉತ್ತರ ಕೊಟ್ಟಳು. ಮುಂದಿನ ವರ್ಷದ ಆಟಿಯಲ್ಲಿ ದೂಮಣ್ಣನ ಎಲೆಯನ್ನು ಎತ್ತಿಕೊಂಡು ಹೋಗಿ ಮೆಟ್ಟಿಲ ಕೆಳಗೆ ಹಾಸಿದಳು. ಅಣ್ಣ ಹೊರಗೇ ನಿಂತಿದ್ದಾನೆ, ಕಾಣುವುದಿಲ್ಲವಾ ನಿಮಗೆ, ಎಂದಳು. ಮಗಳ ಜೊತೆ ಮುಂಬಯಿಗೆ ಬಂದ ಮೇಲೂ ಚಾಳಿನ ಓಣಿಯಲ್ಲಿ ಅದೇ ಎಲೆ. ಸಾಯುವ ಮೊದಲು ಮೊಮ್ಮಗಳಿಗೆ ಒಂದು ಕಾಗದ ಕೊಟ್ಟಳು. ಬಂದರು ಕಚೇರಿಯಲ್ಲಿ ಮಾಪಣ್ಣ ಹೇಳಿ ಬರೆಸಿದ ಹೇಳಿಕೆ, ಕೆಳಗೆ ಅವನ ಹೆಬ್ಬೆಟ್ಟು.

ಉಮಕ್ಕನಿಗೆ ಈ ವಿಷಯ ಆಗಲೇ ಸಲೀಸಾಗಿ ಅರ್ಥವಾಗಿತ್ತು. ನಂಬರು ತಪ್ಪು ಹಾಕಿ ಎಷ್ಟು ಹೊತ್ತು ರಿಂಗ್ ಮಾಡಿದರೂ ನಮಗೆ ಬೇಕಾದವರು ಎತ್ತುವುದಿಲ್ಲ. ಸರಿಯಾದ ನಂಬರು ಹಾಕಿ ಇನ್ನೊಂದು ಸಲ ಕರೆಯಬೇಕು, ಅಷ್ಟೇ. ಆದರೆ ಊರಿನ ಕುಟುಂಬದವರು ಒಪ್ಪಬೇಕಲ್ಲ. ನಲವತ್ತು ವರ್ಷ ಅವರನ್ನು ಕೇಳಿದರು, ನಲವತ್ತು ವರ್ಷ ಅವರು ಎರಡನೇ ಸಲದ ಕ್ರಮ ಇಲ್ಲ ಎಂದರು.

ಕಳೆದ ವರ್ಷ ದೀಪಾವಳಿಯ ಹೊತ್ತಿಗೆ ಮಗ ಕೀರ್ತನ್ ಮೊಬೈಲಿನಲ್ಲಿ ಒಂದು ಸುದ್ದಿ ತೋರಿಸಿದ. ಯುದ್ಧಗಳಲ್ಲಿ ಜೀವ ಕಳೆದುಕೊಂಡ ವ್ಯಾಪಾರಿ ಹಡಗುಗಳ ನಾವಿಕರಿಗಾಗಿ ನವಿ ಮುಂಬಯಿಯಲ್ಲಿ, ಖಾಡಿಯ, ಅಂದರೆ ಕಡಲ ಹಿನ್ನೀರಿನ, ಬದಿಯಲ್ಲಿ ಒಂದು ಸ್ಮಾರಕದ ಕಲ್ಲು ನಿಲ್ಲಿಸುತ್ತಾರೆ. ನಿವೃತ್ತ ಕ್ಯಾಪ್ಟನ್‌ಗಳು ಸೇರಿ ಮಾಡಿಕೊಂಡ ಸಮಿತಿ. ಗೊತ್ತಿದ್ದವರು ಹೆಸರು ಕಳುಹಿಸಬೇಕು. ಉಮಕ್ಕ ಹೇಳಿಕೆಯ ನಕಲು ತೆಗೆಸಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಪನ್ವೇಲ್ ಲೋಕಲ್ ಹತ್ತಿ ಸಮಿತಿಯ ಕಚೇರಿ ಇರುವ ಬೇಲಾಪುರಕ್ಕೆ ಹೋದರು. ಊರಿನವರು ಒಪ್ಪದಿದ್ದರೆ ಹೋಗಲಿ, ಕಲ್ಲಾದರೂ ಮಾಮನನ್ನು ಸರಿಯಾದ ಹೆಸರಿನಲ್ಲಿ ಕರೆಯಲಿ. ಅವರಿಗೆ ಬೇಕಿದ್ದದ್ದು ಇಷ್ಟೇ.

ಸಮಿತಿಯ ಕಾರ್ಯದರ್ಶಿ ಕ್ಯಾಪ್ಟನ್ ಮೋಹನದಾಸ ಕಾರವಾರದ ಕಡೆಯವರು. ಬಿಳಿ ಮೀಸೆ, ಇಸ್ತ್ರಿಯ ಅಂಗಿ, ಎದುರಿಗೆ ಅಚ್ಚುಕಟ್ಟಾದ ಫೈಲು. ಮೊದಲ ತಕರಾರು ಸಂಬಂಧದ್ದು. "ಇವರ ಹೆಂಡತಿ ಮಕ್ಕಳ ಕಡೆಯವರು ಯಾರೂ ಇಲ್ವಾ ಅಮ್ಮ? ನೀವು ತಂಗಿಯ ಮೊಮ್ಮಗಳು. ಫಾರ್ಮಿನಲ್ಲಿ ಆ ಕಾಲಮ್ಮೇ ಇಲ್ಲ."

"ಕಾಲಮ್ ಇಲ್ಲದಿದ್ರೆ ಹಾಕಿಸಿ," ಎಂದರು ಉಮಕ್ಕ. "ನಮ್ಮಲ್ಲಿ ಬಳಿ, ಅಂದ್ರೆ ಕುಲ, ಬರುವುದು ಹೆಣ್ಣಿನ ಕಡೆಯಿಂದ. ಮಾಮನ ಹೆಂಡತಿ ಮಕ್ಕಳು ಬೇರೆ ಬಳಿಯವರು, ಅವರಿಗೆ ಅವರ ಮನೆ. ಮಾಮ ನಮ್ಮ ಮನೆಯವರು. ಅವರ ಬಳಿ ಮೆಂಡನ್, ನನ್ನ ಬಳಿಯೂ ಅದೇ. ರೇಷನ್ ಕಾರ್ಡಿನಲ್ಲಿ ಗಂಡನ ಹೆಸರು ಸೇರಿದ್ದಕ್ಕೆ ರಕ್ತ ಬದಲಾಗ್ತದಾ?"

ಕ್ಯಾಪ್ಟನ್ ನಕ್ಕು ಆ ತಕರಾರು ಬಿಟ್ಟರು. ಹೇಳಿಕೆ ಓದುತ್ತ ಹೋದಂತೆ ನಗು ಹೋಯಿತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಷ್ಟ ಇರುವುದು ಇಲ್ಲಿ ಎಂದರು. ಈ ಕಲ್ಲು ಶತ್ರುವಿನ ದಾಳಿಗೆ ಸಿಕ್ಕಿ ಸತ್ತ ನಾಗರಿಕರಿಗಾಗಿ. ಕೈಯೆತ್ತದವರಿಗಾಗಿ. ಈ ದೂಮಣ್ಣ ತಾನಾಗಿ ಹೋಗಿ ಹೊಡೆದಿದ್ದಾನೆ. ಹೊಡೆದವರ ಹೆಸರು ನೌಕಾದಳದ ಪಟ್ಟಿಗೆ ಹೋಗಬೇಕು. ನೌಕಾದಳದವರು ಇವನು ನಮ್ಮವನಲ್ಲ, ನಾಗರಿಕ ಅನ್ನುತ್ತಾರೆ.

"ಅಲ್ಲ ಕ್ಯಾಪ್ಟನ್ರೇ, ನನಗೆ ಒಂದು ಅರ್ಥ ಮಾಡಿಸಿ," ಎಂದರು ಉಮಕ್ಕ. ಸ್ವರ ಏರಲಿಲ್ಲ, ಏರಿದ್ದರೆ ಪಕ್ಕದ ಆಫೀಸಿನವರೂ ಬರುತ್ತಿದ್ದರು. "ಕೊಂದವರು ಹೇಳಿದ್ದು, ನೀನು ಸಿಪಾಯಿ ಅಲ್ಲ, ಆದ್ರಿಂದ ಕೊಲ್ತೇವೆ ಅಂತ. ನೀವು ಹೇಳುವುದು, ಅವನು ಸಿಪಾಯಿ ಹಾಗೆ ಮಾಡಿದ, ಆದ್ರಿಂದ ಹೆಸರು ಹಾಕುವುದಿಲ್ಲ ಅಂತ. ಆ ಮನುಷ್ಯ ಎಲ್ಲಿಗೆ ಹೋಗ್ಬೇಕು?"

ಮೋಹನದಾಸರು ಕೆಟ್ಟವರಲ್ಲ. ಒಳ್ಳೆಯವರೇ, ಫೈಲಿನೊಳಗೆ ಎಷ್ಟು ಒಳ್ಳೆಯವರಾಗಿರಬಹುದೋ ಅಷ್ಟು. ತುಸು ಯೋಚಿಸಿ ಒಂದು ದಾರಿ ಹೇಳಿದರು. ಡಿಕ್ಕಿ ಹೊಡೆದ ವಿಷಯ ಬರೆಯುವುದು ಬೇಡ. 'ಶತ್ರುವಿನ ದಾಳಿಯಲ್ಲಿ ಹಡಗು ಮುಳುಗಿ ಬಲಿಯಾದವರು' ಎಂದು ಎಲ್ಲರ ಹಾಗೆ ಹಾಕೋಣ. ಹೆಸರು ಕಲ್ಲಿಗೆ ಬರುತ್ತದೆ, ಯಾರೂ ಪ್ರಶ್ನೆ ಮಾಡುವುದಿಲ್ಲ. ಮನೆಯವರು ಯಾರಾದರೂ ಒಂದು ಸಹಿ ಮಾಡಿದರೆ ಆಯಿತು.

"ಒಮ್ಮೆ ಜ್ವರ ಬಂದು ಸತ್ತರು, ಈಗ ಹಡಗು ಮುಳುಗಿ ಸಾಯಬೇಕಾ?" ಎಂದು ಉಮಕ್ಕ ಎದ್ದರು. ಕ್ಯಾಪ್ಟನರಿಗೆ ಜ್ವರದ ಮಾತು ತಿಳಿಯಲಿಲ್ಲ, ಇವರು ತಿಳಿಸುವ ಗೋಜಿಗೂ ಹೋಗಲಿಲ್ಲ.

ಮನೆಯಲ್ಲಿ ಅವತ್ತು ಊಟದ ಹೊತ್ತಿಗೆ ದೊಡ್ಡ ಗಲಾಟೆಯೇ ಆಯಿತು. ಮಾಮನ ಹೆಸರು ಕಲ್ಲಿಗೆ ಬರುತ್ತದೆ ಎಂದು ಕೀರ್ತನ್ ಆಗಲೇ ಡೊಂಬಿವಲಿ, ಬದಲಾಪುರದ ನೆಂಟರಿಗೆಲ್ಲ ಹೇಳಿಬಿಟ್ಟಿದ್ದ. "ಅಮ್ಮ, ಹೆಸರು ಬಂದ್ರೆ ಸಾಕಲ್ಲ? ಎಂಬತ್ತು ವರ್ಷ ಆಯ್ತು. ಅಷ್ಟು ಸಣ್ಣ ಅಕ್ಷರದಲ್ಲಿ ಹೇಗೆ ಸತ್ತದ್ದು ಅಂತ ಯಾರು ಓದ್ತಾರೆ?" ಎಂದ. ಸೊಸೆ ಸೌಜನ್ಯ ಎರಡೂ ಕಡೆಗೆ ತಲೆಯಾಡಿಸುತ್ತ ಸಾರು ಬಡಿಸಿದಳು. ಕಾಲೇಜಿಗೆ ಹೋಗುವ ಮೊಮ್ಮಗಳು ಅನುಷ್ಕಾಳಿಗೆ ತುಳು, ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿಯಿಂದ ಬರುವುದು ಮಾತ್ರ ಹಿಂದಿ. "ಲೇಕಿನ್ ಪಪ್ಪಾ, ಉನ್ಹೋನೇ ಮಾರಾ ಥಾ ನಾ? ತೋ ಲಿಖೋ ಮಾರಾ ಥಾ," ಎಂದಳು. ಹೊಡೆದದ್ದು ಹೌದು ತಾನೆ, ಹಾಗಾದರೆ ಹೊಡೆದರು ಅಂತಲೇ ಬರೆಯಿರಿ. ಉಮಕ್ಕ ಅವಳ ತಟ್ಟೆಗೆ ಇನ್ನೊಂದು ಬಂಗುಡೆ ಹಾಕಿದರು.

ಮಾತು ಅಲ್ಲಿಗೆ ನಿಂತಿತು ಎಂದುಕೊಂಡದ್ದು ಅವರ ತಪ್ಪು. ಮಾರ್ಚ್ ಮೊದಲ ವಾರ ಒಂದು ಫೋನು ಬಂತು. "ನಮಸ್ಕಾರ್ರೀ ಬಾಯಾರ, ನಾ ಕಲ್ಯಾಣದಿಂದ ರಾಯಪ್ಪ ಮಾತಾಡಾಕತ್ತೀನ್ರಿ. ಕಲ್ಲಮ್ಯಾಗ ಹೆಸರ ಕೆತ್ತಾಂವ. ಫಾರಮ್ಮಿನ್ಯಾಗ ನಿಮ್ಮ ನಂಬರ ಐತಿ. ದೂಮಣ್ಣ ಮೆಂಡನ್, ಮಲ್ಪೆ, ಬಲಿಯಾದವರು. ಇಷ್ಟ ಬರೋಬರಿ ಐತೇನ್ರಿ?"

ಉಮಕ್ಕ ಹೆಸರನ್ನು ತಿರುಗಿ ಹೇಳಿದರು, ಊರನ್ನು ತಿರುಗಿ ಹೇಳಿದರು. ಕೊನೆಯ ಶಬ್ದ ಅವರ ಬಾಯಿಂದ ಬರಲಿಲ್ಲ. ಸಹಿ ಯಾರದೆಂದು ಕೇಳಿದರು. ರಾಯಪ್ಪ ಓದಿದ: ಕೀರ್ತನ್. ಹೊಟ್ಟೆಯಲ್ಲಿ ಹುಟ್ಟಿದ ಮಗ, ಊರಿನ ದೊಡ್ಡವರು ಮಾಡಿದ್ದನ್ನೇ ಮಾಡಿದ್ದ. ಅದೇ ಒಳ್ಳೆಯ ಮನಸ್ಸಿನಿಂದ, ಅದೇ ಅವಸರದಿಂದ. ಸಿಟ್ಟಿಗಿಂತ ಮೊದಲು ಅಳು ಬಂತು. ಮತ್ತೆ ಸಿಟ್ಟು ಬಂತು.

"ಕೆತ್ತಿ ಆಯ್ತಾ?"

"ಇಲ್ರೀ, ಗೆರಿ ಹಾಕೀನಿ ಅಷ್ಟ. ನಾಳೆ ಉಳಿ ಹಚ್ಚತೀನ್ರಿ."

"ಹಚ್ಚಬೇಡಿ. ನಾನು ಬರ್ತಾ ಇದ್ದೇನೆ."

ಕಲ್ಯಾಣದ ಹೊರವಲಯದಲ್ಲಿ ತಗಡಿನ ಚಪ್ಪರದ ಕೆಳಗೆ ರಾಯಪ್ಪನ ಕೆಲಸ. ಬಾಗಲಕೋಟೆ ಕಡೆಯಿಂದ ಬಂದು ಇಪ್ಪತ್ತೈದು ವರ್ಷವಾಗಿತ್ತು. ಬಿಳಿ ದೂಳಿನಲ್ಲಿ ಅವನ ಹುಬ್ಬೂ ಬಿಳಿ. ಕಪ್ಪು ಕಲ್ಲು ಮಲಗಿತ್ತು, ಸೀಮೆಸುಣ್ಣದಲ್ಲಿ ಸಾಲು ಸಾಲು ಹೆಸರು. ಮೇಲಿನವು ಕೆತ್ತಿ ಮುಗಿದಿದ್ದವು. ದೂಮ ಮಾಮನ ಸಾಲು ಇನ್ನೂ ಬರಿಯ ಸುಣ್ಣ. ಎಂಬತ್ತೆರಡು ವರ್ಷದ ಮೇಲೆ ಮನೆಯವರಲ್ಲದ ಒಬ್ಬ ಆ ಹೆಸರನ್ನು ಅಷ್ಟು ಚಂದವಾಗಿ ಬರೆದಿದ್ದ. ಉಮಕ್ಕ ಅದನ್ನು ಬೆರಳಿನಿಂದ ಮುಟ್ಟಲು ಹೋಗಿ ಹಿಂದಕ್ಕೆ ತೆಗೆದರು. ಇಷ್ಟು ಹತ್ತಿರ ಬಂದದ್ದು ಬೇಡವೆನ್ನಲು ಅವರಿಗೂ ಕಷ್ಟವೇ ಆಯಿತು. ಹೆಸರು ಮಾತ್ರ ಇಟ್ಟು ಆ ಒಂದು ಮಾತು ತೆಗೆಯಲು ಬರುತ್ತದೆಯೇ ಎಂದು ಕೇಳಿದರು.

"ನಾ ಕೂಲಿ ಮನಿಷ್ಯಾರೀ," ಎಂದ ರಾಯಪ್ಪ. "ಅವರು ಕೊಟ್ಟಂಗ ಕೆತ್ತಬೇಕು. ಒಂದಕ್ಷರ ಹೆಚ್ಚು ಕಮ್ಮಿ ಆದ್ರ ಕಲ್ಲ ನನ್ನ ತಲಿಮ್ಯಾಗ. ಬೇಕಂದ್ರ ಪೂರಾ ಸಾಲ ತಗೀಬಹುದು, ಮನ್ಯಾವ್ರು ಬರದ ಕೊಟ್ರ."

ಅವನ ಹೆಂಡತಿ ಪಾರವ್ವ ಚಹ ತಂದಳು. ವಿಷಯವೇನೆಂದು ಕೇಳಿ ತಿಳಿದು, ಸೆರಗಿನಿಂದ ಸಣ್ಣ ಸ್ಟೂಲು ಒರೆಸಿ ಕೂರಿಸಿದಳು. "ಹೊಡದ ಸತ್ತಾಂವಗ ಬಲಿ ಅಂತಾರೇನ್ರೀ ಯಾರರ? ಬಲಿ ಅನ್ನೂದು ಕುರಿಗೆ," ಎಂದಳು.

ಉಮಕ್ಕ ಚಹ ಕುಡಿದು ಮುಗಿಸಿದರು. ಆಮೇಲೆ ಚೀಲದಿಂದ ಪೆನ್ನು ತೆಗೆದು, ಕಲ್ಲಿನ ಪಕ್ಕದಲ್ಲೇ ಕೂತು, ಸಮಿತಿಗೆ ಬರೆದರು: ದೂಮಣ್ಣ ಮೆಂಡನ್ ಬಲಿಯಾದವರಲ್ಲ. ಅವರು ಹೊಡೆದರು, ಅದಕ್ಕಾಗಿ ಅವರನ್ನು ಕೊಂದರು. ಹಾಗೆ ಬರೆಯಲು ಆಗದಿದ್ದರೆ ಅವರ ಹೆಸರನ್ನು ತೆಗೆಯಿರಿ. ಕೆಳಗೆ ಸಹಿ: ಉಮಾವತಿ ಮೆಂಡನ್. ಐವತ್ತು ವರ್ಷದಲ್ಲಿ ಮೊದಲ ಸಲ ಅವರು ತಮ್ಮ ಬಳಿಯ ಹೆಸರಿನಲ್ಲಿ ಸಹಿ ಮಾಡಿದ್ದು.

ರಾಯಪ್ಪ ಕಾಗದವನ್ನು ಎರಡು ಸಲ ಓದಿದ. "ಹೆಸರ ಹಾಕ್ರಿ ಅಂತ ಕೈ ಮುಗದ ಬರೂ ಮಂದೀನ ನೋಡೀನ್ರೀ. ತಗೀರಿ ಅಂತ ಬಂದಾಕಿ ನೀವೊಬ್ರ," ಎಂದ. ಒದ್ದೆ ಬಟ್ಟೆ ತಂದು ಆ ಸಾಲನ್ನು ಒರೆಸಿದ. ಉಮಕ್ಕ ಮುಖ ತಿರುಗಿಸಲಿಲ್ಲ, ಪೂರ್ತಿ ನೋಡಿದರು.

ಕೀರ್ತನ್ ಜೊತೆ ಮೂರು ವಾರ ಮಾತಿಲ್ಲ. ಅವನು ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಿನಗೆ ಖುಷಿ ಆಗ್ಲಿ ಅಂತ ಮಾಡಿದ್ದು ಅಮ್ಮ," ಎಂದ. "ಗೊತ್ತುಂಟು ಮಾರಾಯ. ಅವರೂ ಮದುವೆ ತಪ್ಪಬಾರದು ಅಂತ ಮಾಡಿದ್ದು," ಎಂದರು ಉಮಕ್ಕ.

ಏಪ್ರಿಲ್ ಮೊದಲ ವಾರ ಕಲ್ಲಿನ ಅನಾವರಣ. ಹೆಸರಿಲ್ಲದ ಮೇಲೆ ಯಾಕೆ ಹೋಗುವುದು ಎಂದು ನೆಂಟರೆಲ್ಲ ಕೇಳಿದರು. ಉಮಕ್ಕ ಮದುವೆಗೆ ಉಡುವ ಸೀರೆ ಉಟ್ಟು ಹೊರಟರು. ಕೀರ್ತನ್ ಏನೂ ಹೇಳದೆ ಕಾರು ತೆಗೆದ.

ಖಾಡಿಯ ಬದಿಯಲ್ಲಿ ಶಾಮಿಯಾನ, ಬಿಳಿ ಸಮವಸ್ತ್ರ, ಬ್ಯಾಂಡು. ಬಟ್ಟೆ ಸರಿಸಿದಾಗ ಉಮಕ್ಕನಿಗೆ ಮೊದಲು ಕಂಡದ್ದು ಒಂದು ಖಾಲಿ ಸಾಲು. ರಾಯಪ್ಪ ಕೆಳಗಿನ ಹೆಸರುಗಳನ್ನು ಮೇಲಕ್ಕೆ ಸರಿಸಿರಲಿಲ್ಲ. ಅಳತೆ ಆಗಲೇ ಹಾಕಿಯಾಗಿತ್ತು, ಬದಲಿಸಲು ಬರಲಿಲ್ಲ ಎಂದು ಅವನು ಸಮಿತಿಗೆ ಹೇಳಿದನಂತೆ. ಅಳತೆಯ ಮಾತು ಎಷ್ಟು ನಿಜವೋ ದೇವರೇ ಬಲ್ಲ. ಕ್ಯಾಪ್ಟನ್ ಮೋಹನದಾಸ ಒಂದೊಂದೇ ಹೆಸರು ಓದಿದರು. ಒಂದೊಂದು ಮನೆಯವರು ಎದ್ದು ಬಂದು ಹೂವಿಟ್ಟರು. ಖಾಲಿ ಸಾಲು ಬಂದಾಗ ಅವರು ಒಂದು ಉಸಿರಿನಷ್ಟು ತಡೆದು ಕೆಳಗಿನ ಹೆಸರಿಗೆ ಹೋಗಬೇಕೆಂದಿದ್ದರು. ಆ ತಡೆ ಉಮಕ್ಕನಿಗೆ ಸಾಕಾಯಿತು.

ಅವರು ಕೂತಲ್ಲಿಂದಲೇ ಎದ್ದರು. ಮೈಕು ಬೇಕಾಗಲಿಲ್ಲ. "ಇಲ್ಲಿ ಒಬ್ಬರಿದ್ದಾರೆ," ಎಂದರು, ಹಿಂದಿಯಲ್ಲಿ. ಎಲ್ಲರೂ ತಿರುಗಿದರು. "ದೂಮಣ್ಣ ಮೆಂಡನ್, ಮಲ್ಪೆ. ಹೆಂಚು ತುಂಬಿದ ಮಂಜಿಯ ತಂಡೇಲ. ಬಿಟ್ಟು ಹೋಗು ಅಂದಾಗ ಬಿಡದೆ ಸಬ್‌ಮರೀನಿಗೆ ಹೋಗಿ ಗುದ್ದಿದರು. ಯಾರು ಗುದ್ದಿದ್ದು ಅಂತ ಕೇಳಿದಾಗ ನಾನೇ ಅಂದರು. ಅದಕ್ಕೆ ಗುಂಡು ಹಾಕಿ ಕೊಂದರು. ಇದನ್ನು ಬರೆಯಲಿಕ್ಕೆ ಇವರ ಕಲ್ಲಿಗೆ ಧೈರ್ಯ ಸಾಲಲಿಲ್ಲ. ಅದಕ್ಕೆ ಹೆಸರು ನಾನೇ ತೆಗೆಸಿದೆ." ಹೋಗಿ ಆ ಖಾಲಿ ಸಾಲಿನ ಕೆಳಗೆ ಒಂದು ಬೀಡಿ ಇಟ್ಟರು. ಹೂವು ದೂಮ ಮಾಮನಿಗೆ ಅಷ್ಟೇನೂ ಇಷ್ಟವಿರಲಿಲ್ಲವಂತೆ. ತಿರುಗಿ ಬರುವಾಗ ಕೀರ್ತನ್ ಎದ್ದು ಬಂದು ಕೈ ಹಿಡಿದುಕೊಂಡ. ಅವನ ಕಣ್ಣು ಒದ್ದೆಯಾಗಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಮೋಹನದಾಸರು ಹುಡುಕಿಕೊಂಡು ಬಂದರು. ಬಯ್ಯುತ್ತಾರೆ ಎಂದುಕೊಂಡಿದ್ದರು ಉಮಕ್ಕ. ಅವರು ಬಯ್ಯಲಿಲ್ಲ, "ಮೂವತ್ತೊಂದು ವರ್ಷ ಹಡಗು ನಡೆಸಿದ್ದೇನೆ ಅಮ್ಮ. ನಾನಾಗಿದ್ರೆ ತಿರುಗಿಸ್ತಿದ್ದೆನೋ ಇಲ್ವೋ, ನಿಜವಾಗ್ಲೂ ಗೊತ್ತಿಲ್ಲ," ಎಂದರು. ಸಾಲಿನ ವಿಷಯ ಮುಂದಿನ ಸಭೆಯಲ್ಲಿ ಇಡುತ್ತೇನೆ ಎಂದೂ ಹೇಳಿದರು. ಇಟ್ಟರೋ ಇಲ್ಲವೋ, ಇದನ್ನು ಬರೆಯುವವರೆಗೆ ಸಾಲು ಖಾಲಿಯೇ ಇದೆ.

ಉಮಕ್ಕ ಅದಕ್ಕಾಗಿ ಕಾದು ಕೂರಲಿಲ್ಲ. ಖಾಡಿಯ ಬದಿಯಲ್ಲಿ ಅಷ್ಟು ಜನರ ಎದುರಿಗೆ ನಿಜವನ್ನು ಕೂಗಿದ ಮೇಲೆ ಅವರಿಗೆ ಒಂದು ವಿಷಯ ಹೊಳೆದಿತ್ತು. ಇದಕ್ಕೆ ಯಾರ ಒಪ್ಪಿಗೆಯೂ ಬೇಕಾಗಿರಲಿಲ್ಲ. ಆಟಿ ಬಂದಾಗ ಮಲ್ಪೆಗೆ ಫೋನು ಮಾಡಿ, ಈ ಸಲ ದೂಮ ಮಾಮನನ್ನು ಒಳಗೆ ಕರೆಯುತ್ತೇನೆ ಎಂದರು. ಕುಟುಂಬದ ಹಿರಿಯನಾದ ಜಯಶೀಲನಿಗೆ ಇವರಿಗಿಂತ ಆರು ವರ್ಷ ಕಡಿಮೆ.

"ಉಮಕ್ಕ, ಎರಡನೇ ಸಲ ಕರೆಯುವ ಕ್ರಮ ಇಲ್ಲ ಅಂತ ನಿಮಗೆ ಎಷ್ಟು ಸಲ..."

"ಎರಡನೇ ಸಲ ಅಲ್ಲ ಜಯಶೀಲ. ಇವರನ್ನು ಇನ್ನೂ ಒಂದು ಸಲವೂ ಕರೆದಿಲ್ಲ. ನಿಮ್ಮ ಅಜ್ಜಂದಿರು ಕರೆದದ್ದು ಬೇರೆ ಯಾರನ್ನೋ." ಉಮಕ್ಕ ಫೋನು ಇಡಲಿಲ್ಲ. ಕೊನೆಗೆ ಜಯಶೀಲ ಮೆಲ್ಲಗೆ ಕೇಳಿದ: "ಎಷ್ಟು ಗಂಟೆಗೆ?"

ಅವತ್ತು ಸಂಜೆ ಹೊರಗೆ ಜೋರು ಮಳೆ. ಹಾಲ್‌ನ ನಡುವೆ ಎಲೆಗಳ ಸಾಲು. ರುಕ್ಕು ಅಜ್ಜಿಯ ಎಲೆಯ ಬಲಕ್ಕೆ, ಅಣ್ಣನಿಗೆ ಸಲ್ಲಬೇಕಾದ ಜಾಗದಲ್ಲಿ, ಇನ್ನೊಂದು ಎಲೆ. ಕೀರ್ತನ್ ತಾನೇ ಬಡಿಸಿದ. ಅನುಷ್ಕಾ ಬೀಡಿ ಇಟ್ಟಳು. ಉಮಕ್ಕ ಬಾಗಿಲು ತೆರೆದು ಹೊಸ್ತಿಲಲ್ಲಿ ನಿಂತು, ಮಾಪಣ್ಣ ಹೇಳಿದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಗಾಳಿ, ಹೆಂಚು, ಚುಕ್ಕಾಣಿ, ಗುಂಡು. ಒಂದನ್ನೂ ಬಿಡಲಿಲ್ಲ. ಆಮೇಲೆ ಟ್ರಂಕ್ ಕಾಲಿನ ಸ್ವರದಲ್ಲಿ ಮೂರು ಸಲ ಕರೆದರು. "ದೂಮ ಮಾಮಾ, ಉಲಾಯಿ ಬಲೆ. ಒಣಸ್‌ಗ್ ಬಲೆ." ಒಳಗೆ ಬನ್ನಿ, ಊಟಕ್ಕೆ ಬನ್ನಿ.

ಒಂದು ಬದಿಗೆ ಸರಿದು ದಾರಿ ಬಿಟ್ಟರು. ತುಸು ಹೊತ್ತು ಬಿಟ್ಟು ನಾಲ್ವರೂ ಹೊರಗೆ ಬಂದು ಬಾಗಿಲು ಎಳೆದುಕೊಂಡರು. ವರ್ಷ ವರ್ಷವೂ ಮಾಮನ ಎಲೆ ಬೀಳುತ್ತಿದ್ದ ಜಾಗದಲ್ಲಿ, ಲಿಫ್ಟಿನ ಎದುರಿಗೆ, ಈಗ ಇವರು ನಿಂ​ತಿದ್ದರು. ಎದುರು ಮನೆಯ ಮರಾಠಿ ಹೆಂಗಸು ಲಿಫ್ಟಿನಿಂದ ಇಳಿದು, ಒದ್ದೆ ಕೊಡೆ ಮಡಚುತ್ತ, ಅಭ್ಯಾಸದಂತೆ ಗೋಡೆಗೆ ಒತ್ತಿಕೊಂಡಳು. ಆಮೇಲೆ ನೆಲ ನೋಡಿದಳು. ಎಲೆ ಇಲ್ಲ. ಮುಚ್ಚಿದ ಬಾಗಿಲು ನೋಡಿದಳು.

"ಕಾಯ್ ಝಾಲಂ ಕಾಕೂ? ಚಾವಿ ಆತ್ ರಾಹಿಲಿ ಕಾ?" ಎಂದು ಕೇಳಿದಳು. ಏನಾಯಿತು, ಬೀಗದ ಕೈ ಒಳಗೇ ಉಳಿಯಿತಾ?

"ನಾಹೀ ಗ," ಎಂದರು ಉಮಕ್ಕ. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಆಮ್ಚೇ ಮಾಮಾ ಆಲೇತ್. ಜೇವತಾಯತ್." ನಮ್ಮ ಮಾಮ ಬಂದಿದ್ದಾರೆ, ಊಟ ಮಾಡ್ತಾ ಇದ್ದಾರೆ.